ಫ್ಯಾನಿನ ಪಕ್ಕದ ತಟ್ಟೆ

ನವೆಂಬರ್ ೧೮

ಪ್ರೀತಿಯ ಕುಳ್ಳಿ,

ನನಗಿಂತ ನಾಲ್ಕು ಬೆರಳು ಎತ್ತರ ಬೆಳೆದು ಎಷ್ಟೋ ವರ್ಷವಾದರೂ ನೀನು ನನಗೆ ಕುಳ್ಳಿಯೇ, ಮುಖ ಊದಿಸಿಕೊಳ್ಳಬೇಡ. ಕಾಗದ ಯಾಕೆ, ಫೋನು ಮಾಡು ಅನ್ನುತ್ತೀ. ಫೋನಿನಲ್ಲಿ ನೀನು ಹೂಂ ಹೂಂ ಅನ್ನುತ್ತಾ ಪಾತ್ರೆ ತೊಳೆಯುತ್ತಿರುತ್ತೀ. ಕಾಗದವಾದರೆ ಕೂತು ಓದುತ್ತೀ.

ಬೀಜದ ಚೀಲ ಇವತ್ತು ನಿಮ್ಮ ಪರೀಕ್ಷಾ ಕೇಂದ್ರಕ್ಕೆ ಹೊರಟಿತು. ನಮ್ಮ ಸಂಶೋಧನಾ ಕೇಂದ್ರದ ಡ್ರೈವರ್ ಅದನ್ನು ಜೀಪಿನ ಹಿಂದೆ ಎಸೆಯಲು ಹೋದ. "ಅಲ್ಲಿ ಬೇಡಪ್ಪ, ಮುಂದೆ ನಿನ್ನ ಪಕ್ಕದ ಸೀಟಲ್ಲಿ ಇಟ್ಕೋ" ಅಂದೆ. "ಬೆಲ್ಟೂ ಹಾಕ್ಲಾ ಮೇಡಂ?" ಅಂದ. ಹಾಕು ಅಂದೆ. ಅವನು ನಕ್ಕ, ನಾನು ನಗಲಿಲ್ಲ.

ಯಾವ ಸಂಖ್ಯೆಯ ಚೀಲ ನನ್ನದು ಎಂದು ಕೇಳಬೇಡ, ಹೇಳುವುದಿಲ್ಲ. ಪರೀಕ್ಷೆ ಮಾಡುವವರಿಗೆ ಬೀಜ ಯಾರದೆಂದು ತಿಳಿಯಬಾರದು ಅನ್ನುವ ನಿಯಮ ನನಗೆ ಇಷ್ಟ. ಎಲ್ಲರ ಬೀಜಕ್ಕೂ ಒಂದೇ ಗುಲಾಬಿ ಬಣ್ಣದ ಔಷಧಿ, ಎಲ್ಲರ ಚೀಲಕ್ಕೂ ಒಂದೇ ಬಟ್ಟೆ. ನಿನ್ನ ಶೀತಕೊಠಡಿಯ ಬಾಗಿಲು ದಾಟಿದ ಮೇಲೆ ಅದು ನನ್ನ ಜೋಳವಲ್ಲ, ನೀನು ನನ್ನ ತಂಗಿಯಲ್ಲ.

ನಿನಗೆ ಗೊತ್ತಿರುವುದನ್ನೇ ಇನ್ನೊಮ್ಮೆ ಹೇಳಿಕೊಳ್ಳುತ್ತೇನೆ, ಇಲ್ಲಿ ಕೇಳುವವರು ಬೇರೆ ಯಾರಿದ್ದಾರೆ. ಮೆಕ್ಕೆಜೋಳ ಬಿಸಿಲಿನ ಬೆಳೆ. ತಣ್ಣನೆಯ ಮಣ್ಣಿಗೆ ಬಿದ್ದರೆ ನೀರು ಕುಡಿಯುವಾಗಲೇ ಅದರ ಜೀವಕೋಶಗಳ ಪೊರೆ ಹರಿಯುತ್ತದೆ. ಒಳಗಿನ ಸಕ್ಕರೆ ಹೊರಗೆ ಸೋರುತ್ತದೆ, ಸಕ್ಕರೆಗೆ ಬೂಷ್ಟು ಮುತ್ತುತ್ತದೆ, ಬೀಜ ಕೊಳೆಯುತ್ತದೆ. ಗುಡ್ಡದ ಮೇಲಿನವರು ಬೆಳೆಯುವ ಆ ಸಣ್ಣಕಾಳಿನ ಜೋಳಕ್ಕೆ ಮಾತ್ರ ಹಾಗಾಗುವುದಿಲ್ಲ, ಅದರ ಪೊರೆ ಗಟ್ಟಿ. ಆದರೆ ತೆನೆ ಹೆಬ್ಬೆರಳಿನಷ್ಟು. ಅದರ ಆ ಒಂದೇ ಗುಣವನ್ನು, ವರ್ಣತಂತುವಿನ ಆ ಒಂದೇ ತುಂಡನ್ನು, ನಮ್ಮ ದೊಡ್ಡ ತೆನೆಯ ತಳಿಗೆ ತರಲು ನನ್ನ ತಲೆಗೂದಲು ಬೆಳ್ಳಗಾಯಿತು. ಮತ್ತೆ ಮತ್ತೆ ಹಳೇ ತಳಿಯ ಜೊತೆಗೇ ಕೂಡಿಸಿ, ಪ್ರತಿ ಸಲ ಕಾಳಿನ ಚೂರು ಕೆತ್ತಿ ಒಳಗೆ ಆ ತುಂಡು ಉಳಿದಿದೆಯೇ ಎಂದು ನೋಡಿ, ಉಳಿದದ್ದನ್ನು ಮಾತ್ರ ಬಿತ್ತಿದೆ. ಒಂದೇ ಕಿರಿಕಿರಿ ಉಳಿಯಿತು. ಕಾಳಿನ ತುದಿಯಲ್ಲಿ ನೇರಳೆ ಚುಕ್ಕೆ ತರುವ ಜೀನು ಈ ಚಳಿ ತಡೆಯುವ ಜೀನಿಗೆ ಅಂಟಿಕೊಂಡೇ ಕೂತಿದೆ. ಎರಡನ್ನೂ ಬಿಡಿಸಲು ಎಷ್ಟು ಒದ್ದಾಡಿದರೂ ಒಂದು ಬಂದ ಕಡೆ ಇನ್ನೊಂದೂ ಬರುತ್ತದೆ. ಬರಲಿ ಬಿಡು, ಚುಕ್ಕೆಯಿಂದ ಹಿಟ್ಟಿನ ರುಚಿಯೇನೂ ಕೆಡುವುದಿಲ್ಲ.

ನಮ್ಮ ನಿರ್ದೇಶಕರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ: "ಈ ಸಲ ಬಿದ್ರೆ ನಿಮ್ಮ ಹೊಲ ಸೋಯಾದವರಿಗೆ." ಅಂದರೆ ಹೊಲ ಸೋಯಾ ತಳಿ ಬೆಳೆಸುವವರ ಪಾಲು, ನನಗೆ ಇದೇ ಕೊನೆ. ಅಮ್ಮನ ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ಮರೆಯಬೇಡ. ನನ್ನ ಹಳೇ ಸ್ವೆಟರ್ ಹಾಕಿಕೊಂಡೇ ಆ ಕೋಣೆಯೊಳಗೆ ಹೋಗು.

ನಿನ್ನ,
ಅಕ್ಕ

ಡಿಸೆಂಬರ್ ೯

ಅಕ್ಕಾ,

ಸ್ವೆಟರ್ ಹಾಕಿಕೊಂಡೇ ಹೋಗುತ್ತಿದ್ದೇನೆ, ಮೊಣಕೈ ಹತ್ತಿರ ತೂತಾಗಿದೆ. ಅಮ್ಮ ಅದಕ್ಕೆ ಬೇರೆ ಬಣ್ಣದ ನೂಲಿನಲ್ಲಿ ತೇಪೆ ಹಾಕಿ, ಅದೇ ಫ್ಯಾಶನ್ ಎಂದು ವಾದಿಸುತ್ತಾಳೆ. ಮಂಡಿ ಪರವಾಗಿಲ್ಲ. ಬಾಯಿ ಎಂದಿನಂತೆ ಗಟ್ಟಿಯಾಗಿದೆ.

ಬೀಜಗಳೆಲ್ಲ ಬಂದು, ತಟ್ಟೆಗಳಲ್ಲಿ ಒದ್ದೆ ಕಾಗದದ ಮೇಲೆ ಹಾಕಿಯಾಗಿದೆ. ಈ ಕೋಣೆಯ ಬಗ್ಗೆ ನಿನಗೆ ಬರೆದು ಬರೆದು ಸಾಕಾಗಿದೆ, ಆದರೂ ಪ್ರತಿ ಚಳಿಗಾಲ ಒಳಗೆ ಕಾಲಿಟ್ಟಾಗ ಹೊಸದಾಗಿ ನಡುಗುತ್ತೇನೆ. ಹತ್ತು ಡಿಗ್ರಿ ಎಂದು ಬಾಗಿಲಲ್ಲಿ ಬರೆದಿದೆ. ಆದರೆ ಬಾಗಿಲ ಕಡೆ ಒಂದು ಚಳಿ, ಹಿಂದಿನ ಗೋಡೆಯ ಫ್ಯಾನಿನ ಪಕ್ಕ ಇನ್ನೊಂದು ಚಳಿ. ಅದಕ್ಕೇ ತಟ್ಟೆಗಳನ್ನು ದಿನಾ ಒಂದೊಂದು ಜಾಗ ಸರಿಸಬೇಕು, ದಿಕ್ಕನ್ನೂ ತಿರುಗಿಸಬೇಕು. ಎಲ್ಲರಿಗೂ ಎಲ್ಲ ಚಳಿಯೂ ಸಮನಾಗಿ ಸಿಗಬೇಕಲ್ಲ.

ಮೊನ್ನೆ ನಮ್ಮ ಸ್ಟೋರಿನವರು ಎಲ್ಲರ ಎದುರು, "ಈ ಸಲ ನಿಮ್ಮಕ್ಕನ ಬೀಜಾನೂ ಇದೆಯಂತೆ. ಹಂಗಾದ್ರೆ ಒಂದು ಪಾಸು ಗ್ಯಾರಂಟಿ ಬಿಡಿ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಕಿವಿ ಬಿಸಿಯಾಯಿತು. ನಮ್ಮ ಮುಖ್ಯಸ್ಥರು ಬೇಸಿಗೆಗೆ ನಿವೃತ್ತರಾಗುತ್ತಾರೆ, ಆ ಜಾಗಕ್ಕೆ ನನ್ನ ಹೆಸರು ಓಡಾಡುತ್ತಿದೆ. ಇಂಥ ಹೊತ್ತಿನಲ್ಲಿ ಇಂಥ ನಗು ಬೇಕಿರಲಿಲ್ಲ.

ಬೇರೇನೂ ವಿಶೇಷವಿಲ್ಲ. ಊಟ ಸರಿಯಾಗಿ ಮಾಡು. ನಿಂತುಕೊಂಡು ತಿನ್ನಬೇಡ.

ನಿನ್ನ,
ಕುಳ್ಳಿ

ಜನವರಿ ೧೪

ಕುಳ್ಳಿ,

ಫಲಿತಾಂಶ ಬಂತು. ನಿನಗೂ ಈಗ ಸಂಖ್ಯೆಗಳ ಹಿಂದಿನ ಹೆಸರುಗಳು ಗೊತ್ತಾಗಿರುತ್ತವೆ. ಬಿದ್ದಿದೆ. ಅರ್ಧದಷ್ಟು ಕಾಳೂ ಮೊಳೆತಿಲ್ಲ.

ನಿನ್ನದೇನೂ ತಪ್ಪಿಲ್ಲ, ನೀನು ನಿನ್ನ ಕೆಲಸ ಮಾಡಿದ್ದೀಯ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಸುಮ್ಮನೆ ಕೊರಗಬೇಡ. ತಪ್ಪು ನನ್ನ ಬೀಜದಲ್ಲೇ ಇರಬೇಕು. ಒಣಗಿಸುವಾಗ ಬಿಸಿ ಹೆಚ್ಚಾಯಿತೋ ಏನೋ. ಅಥವಾ ಇಷ್ಟು ವರ್ಷ ನಾನು ಹಿಡಿದುಕೊಂಡಿದ್ದ ಆ ತುಂಡು ಅರ್ಧ ಗುಣ ಮಾತ್ರ ಕೊಡುತ್ತದೋ, ಇನ್ನರ್ಧ ಗುಡ್ಡದ ಜೋಳದಲ್ಲೇ ಬೇರೆಲ್ಲೋ ಉಳಿದುಹೋಯಿತೋ. ಇಲ್ಲಿ ನನ್ನ ಪುಟ್ಟ ಫ್ರಿಜ್ಜಿನಲ್ಲಿ ಹಾಕಿದಾಗೆಲ್ಲ ಚೆನ್ನಾಗಿಯೇ ಬಂದಿತ್ತು. ನನ್ನ ಕಣ್ಣೇ ನನಗೆ ಮೋಸ ಮಾಡಿತೇ ಎಂದು ಈಗ ಅನುಮಾನ.

ಸೋಯಾದವರು ಆಗಲೇ ಅಳತೆ ಟೇಪು ಹಿಡಿದು ಹೊಲಕ್ಕೆ ಬಂದು ಹೋದರು. ಒಳ್ಳೆಯ ಮನುಷ್ಯ, ನನ್ನ ಕಣ್ಣು ತಪ್ಪಿಸಿ ಅಳೆದರು.

ಒಂದು ಕೇಳುತ್ತೇನೆ. ತಟ್ಟೆ ತೆಗೆದಾಗ ನೋಡಲು ಹೇಗಿತ್ತು? ಕಾಳು ಮೆತ್ತಗಾಗಿ ಕೊಳೆತಿತ್ತೋ, ಗಟ್ಟಿಯಾಗಿಯೇ ಸುಮ್ಮನೆ ಕೂತಿತ್ತೋ? ಫಲಿತಾಂಶದ ಜೊತೆ ಫೋಟೋ ಬಂದಿದೆ, ನೋಡಲು ಇನ್ನೂ ಧೈರ್ಯವಾಗಿಲ್ಲ. ನೀನು ಕಣ್ಣಾರೆ ಕಂಡದ್ದನ್ನು ಬರೆ.

ಅಕ್ಕ

ಜನವರಿ ೨೭

ಕುಳ್ಳಿ,

ನೀನು ಬರೆಯಲಿಲ್ಲ. ಎರಡು ಸಲ ಫೋನು ಮಾಡಿದೆ, ಅಮ್ಮ ಎತ್ತಿ "ಅವಳು ಸ್ನಾನ ಮಾಡ್ತಿದ್ದಾಳೆ" ಅಂದಳು. ಎರಡೂ ಸಲ ಸ್ನಾನ. ಇಷ್ಟು ಚೊಕ್ಕಟವಾಗಿ ಯಾವಾಗಿನಿಂದ ಇರತೊಡಗಿದೆ?

ಧೈರ್ಯ ಮಾಡಿ ಫೋಟೋ ನೋಡಿದೆ. ನೋಡಿ, ಕಿಟಕಿಯ ಹತ್ತಿರ ತೆಗೆದುಕೊಂಡು ಹೋಗಿ ಇನ್ನೊಮ್ಮೆ ನೋಡಿದೆ. ಎಡಗಡೆಯ ಸಾಲುಗಳು ಪೂರ್ತಿ ಸತ್ತಿವೆ. ನಡುವೆ ಒಂದಿಷ್ಟು ಕಾಳು ಬಾಯಿ ಬಿಟ್ಟಿವೆ. ಬಲ ಅಂಚಿನಲ್ಲಿ ಎಲ್ಲವೂ ಮೊಳೆತಿವೆ, ಬೇರು ಬೆರಳುದ್ದ ಬಂದಿದೆ. ಒಂದೇ ತಳಿ, ಒಂದೇ ಕಾಗದ, ಒಂದೇ ನೀರು. ಬೀಜದಲ್ಲೇ ಕುಂದಿದ್ದರೆ ಸತ್ತ ಕಾಳು ಅಲ್ಲೊಂದು ಇಲ್ಲೊಂದು ಚದುರಿರಬೇಕಿತ್ತು. ಇಲ್ಲಿ ಗೆರೆ ಎಳೆದಂತೆ ಒಂದು ಕಡೆ ಸಾವು, ಒಂದು ಕಡೆ ಜೀವ.

ಇದು ಬೀಜ ಮಾಡಿದ ಕೆಲಸವಲ್ಲ. ಈ ತಟ್ಟೆ ಒಂದೇ ಜಾಗದಲ್ಲಿ, ಒಂದೇ ದಿಕ್ಕಿನಲ್ಲಿ, ಫ್ಯಾನಿಗೆ ಎಡಗೆನ್ನೆ ಕೊಟ್ಟು ಕೂತಿತ್ತು. ಒಂದು ದಿನವಲ್ಲ, ಪರೀಕ್ಷೆಯುದ್ದಕ್ಕೂ. ಅಲ್ಲಿ ಹತ್ತು ಡಿಗ್ರಿ ಎಲ್ಲಿಂದ ಬಂತು? ನಾಲ್ಕೋ ಐದೋ ಇರುತ್ತದೆ. ಗುಡ್ಡದ ಜೋಳವೂ ಅಲ್ಲಿ ಬದುಕುವುದಿಲ್ಲ.

ತಟ್ಟೆ ಸರಿಸುವ ಕೆಲಸ ನಿನ್ನದು. ನೀನು ಮರೆಯುವವಳಲ್ಲ. ಗ್ಯಾಸ್ ಆರಿಸಿದೆಯೋ ಇಲ್ಲವೋ ಎಂದು ಬಸ್ ಇಳಿದು ವಾಪಸು ಹೋಗುವವಳು ನೀನು. ಬೇರೆ ಯಾರಾದರೂ ಕೈ ಹಾಕಿದ್ದಾರೆಯೇ? ನಿನಗೆ ಗೊತ್ತಿದ್ದರೆ ಹೇಳು. ನಿನ್ನನ್ನು ಸಿಕ್ಕಿಸಲು ಯಾರೋ ಮಾಡಿರಬಹುದು ಎಂದು ನನಗೆ ಭಯವಾಗುತ್ತಿದೆ. ನಾನು ನಿನ್ನ ಪರವಾಗಿ ನಿಲ್ಲುತ್ತೇನೆ.

ಅಕ್ಕ

ಫೆಬ್ರವರಿ ೩

ಅಕ್ಕಾ,

ಬೇರೆ ಯಾರೂ ಕೈ ಹಾಕಿಲ್ಲ. ನಾನೇ ಇಟ್ಟಿದ್ದು.

ಹಾಕಿದ ಮಾರನೆಯ ದಿನ ನೋಡಿದರೆ ಒದ್ದೆಗೆ ಗುಲಾಬಿ ಬಣ್ಣ ಇಳಿದುಹೋಗಿ ಒಂದು ತಟ್ಟೆಯಲ್ಲಿ ನೇರಳೆ ಚುಕ್ಕೆ ಕಂಡಿತು. ಬಣ್ಣ ಬಳಿದು ಕಳಿಸಿದರೂ ನಿನ್ನ ಬೀಜ ತನ್ನ ಮುಖ ತೋರಿಸಿಬಿಟ್ಟಿತು. ಆ ಚುಕ್ಕೆ ಇನ್ಯಾರ ಜೋಳದಲ್ಲೂ ಇಲ್ಲ ಎಂದು ನನಗೆ ಗೊತ್ತು.

ತಟ್ಟೆ ಸರಿಸುವಾಗ ನನ್ನ ಕೈ ತಾನಾಗಿ ಅದನ್ನು ಬಾಗಿಲ ಕಡೆಯ ಬೆಚ್ಚನೆಯ ಹಲಗೆಗೆ ಒಯ್ಯುತ್ತಿತ್ತು. ನಾನೇ ನೋಡಿ ಬೆಚ್ಚಿದೆ. ಸ್ಟೋರಿನವರ ನಗು ಕಿವಿಯಲ್ಲಿತ್ತು. ಹಾಗಾಗಿ ತೆಗೆದು ಫ್ಯಾನಿನ ಪಕ್ಕ ಇಟ್ಟೆ, ಅಲ್ಲೇ ಬಿಟ್ಟೆ. ಉಳಿದವನ್ನೆಲ್ಲ ದಿನಾ ಸರಿಸಿದೆ, ಅದನ್ನು ಮಾತ್ರ ಮುಟ್ಟಲಿಲ್ಲ. ಮುಟ್ಟಿದರೆ ಒಳ್ಳೆಯ ಜಾಗಕ್ಕೇ ಇಡುತ್ತೇನೆ ಅನ್ನಿಸಿತು. ನನ್ನ ಕೈಯನ್ನು ನಾನೇ ನಂಬಲಿಲ್ಲ.

ಇನ್ನೊಂದು ಮಾತೂ ನಿಜ, ನಂಬಿದರೆ ನಂಬು. ಅಲ್ಲೂ ಅದು ಮೊಳೆಯುತ್ತದೆ ಎಂದೇ ನಾನು ತಿಳಿದಿದ್ದೆ. ಅಕ್ಕನ ಬೀಜ, ಅದಕ್ಕೇನಾಗುತ್ತದೆ ಅಂದುಕೊಂಡೆ. ಅಲ್ಲಿ ಪಾಸಾದರೆ ಯಾರ ಬಾಯಿಗೂ ಮಾತಿರುವುದಿಲ್ಲ, ನಿನಗೂ ಹೆಮ್ಮೆ, ನನಗೂ ಹೆಮ್ಮೆ ಅಂದುಕೊಂಡೆ.

ಬಾಗಿಲು ದಾಟಿದ ಮೇಲೆ ನೀನು ನನ್ನ ತಂಗಿಯಲ್ಲ ಎಂದು ನೀನೇ ಬರೆದಿದ್ದೆ. ನಾನು ಅದನ್ನೇ ಪಾಲಿಸಿದೆ. ಸ್ವಲ್ಪ ಹೆಚ್ಚಾಗಿ ಪಾಲಿಸಿದೆ, ಅಷ್ಟೆ.

ಬೈಯಬೇಕಿದ್ದರೆ ಬೈ. ಆದರೆ ಕಾಗದ ಬರೆಯುವುದನ್ನು ಬಿಡಬೇಡ.

ಕುಳ್ಳಿ

ಫೆಬ್ರವರಿ ೮

ಸ್ವಲ್ಪ ಹೆಚ್ಚಾಗಿ ಪಾಲಿಸಿದೆ, ಅಷ್ಟೆ. ಈ 'ಅಷ್ಟೆ'ಯನ್ನು ಬರೆಯುವಾಗ ನಿನ್ನ ಪೆನ್ನು ನಿಲ್ಲಲಿಲ್ಲವಲ್ಲ, ಅದಕ್ಕೆ ನಿನ್ನನ್ನು ಮೆಚ್ಚಬೇಕು.

ತಂಗಿಯಲ್ಲ ಅಂದರೆ ಎಲ್ಲರಂತೆ ಒಬ್ಬಳು ಎಂದರ್ಥ. ಎಲ್ಲರ ತಟ್ಟೆಯಂತೆ ನನ್ನ ತಟ್ಟೆಯನ್ನೂ ಸರಿಸುವುದು ಎಂದರ್ಥ. ಊರವರ ಬೀಜಕ್ಕೆಲ್ಲ ಸರದಿ ಕೊಟ್ಟೆ, ನನ್ನದಕ್ಕೆ ಮಾತ್ರ ಕೊಡಲಿಲ್ಲ. ನಾನು ನಿನ್ನ ಅಕ್ಕ ಆಗಿರದಿದ್ದರೆ ನನ್ನ ಜೋಳ ಇವತ್ತು ಪಾಸಾಗಿರುತ್ತಿತ್ತು. ಇದನ್ನು ಇನ್ನೊಮ್ಮೆ ಓದಿಕೋ.

ಗುರುತು ಸಿಕ್ಕಿತು, ಸರಿ. ಸಿಕ್ಕರೆ ಏನು ಮಾಡಬೇಕೆಂದು ನಿಯಮವಿದೆ, ನಿನಗೆ ಬಾಯಿಪಾಠ ಬರುತ್ತದೆ. ಆ ತಟ್ಟೆಯನ್ನು ಬೇರೆಯವರ ಕೈಗೆ ಒಪ್ಪಿಸಬೇಕು. "ಇದು ನಮ್ಮಕ್ಕಂದು, ನೀವು ನೋಡ್ಕೊಳ್ಳಿ" ಅನ್ನುವ ಒಂದು ಮಾತು. ಅದನ್ನು ಆಡಿದ್ದರೆ ಸ್ಟೋರಿನವರು ಇನ್ನೊಮ್ಮೆ ನಗುತ್ತಿದ್ದರು. ಆ ನಗು ನಿನಗೆ ಭಾರವಾಯಿತು. ನನ್ನ ಇಷ್ಟು ವರ್ಷದ ದುಡಿಮೆ ಹಗುರವಾಯಿತು. ಸತ್ಯವಂತೆ ಅನ್ನಿಸಿಕೊಳ್ಳುವ ಆಸೆಗೆ ನನ್ನನ್ನು ಬಲಿ ಕೊಟ್ಟೆ.

ಮೊಳೆಯುತ್ತದೆ ಎಂದು ನಂಬಿದ್ದೆ ಅನ್ನುತ್ತೀ. ನಂಬಿದವಳು, ಮೊಳೆಯದಿದ್ದಾಗ ಏನು ಮಾಡಿದೆ? ಬಿದ್ದಿದೆ ಎಂದು ಸಹಿ ಹಾಕಿ ಕಳಿಸಿದೆ. ಅದಾದ ಮೇಲೆ ನಾನು ನಿನಗೆ ಕಾಗದ ಬರೆದು, ನಿನ್ನ ತಪ್ಪಿಲ್ಲ, ಕೊರಗಬೇಡ ಎಂದು ಸಮಾಧಾನ ಹೇಳುತ್ತಿದ್ದೆ. ನನ್ನ ಕಣ್ಣನ್ನೇ ನಾನು ಅನುಮಾನಿಸುತ್ತಿದ್ದೆ. ನೀನು ಸ್ನಾನ ಮಾಡುತ್ತಿದ್ದೆ.

ತಳಿಗಳನ್ನು ಒಪ್ಪುವ ಸಮಿತಿ ಮಾರ್ಚ್ ಮೊದಲ ವಾರ ಸೇರುತ್ತದೆ. ಅದಕ್ಕೆ ಮುಂಚೆ ಪರೀಕ್ಷೆಯ ಮೇಲೆ ದೂರು ಕೊಟ್ಟರೆ ಮರುಪರೀಕ್ಷೆ ಸಿಗುತ್ತದೆ. ದೂರಿನಲ್ಲಿ ಪರೀಕ್ಷಕಿಯ ಹೆಸರು ಬರೆಯಬೇಕು. ನಾನು ಬರೆಯುತ್ತೇನೆ. ಫೋಟೋವನ್ನೂ ಇಡುತ್ತೇನೆ. ಅದರಿಂದ ನಿನ್ನ ಕೆಲಸಕ್ಕೆ ಏನಾಗುತ್ತದೆ ಎಂದು ನನಗೆ ಗೊತ್ತು, ನಿನಗೂ ಗೊತ್ತು.

ಅಕ್ಕ

ಫೆಬ್ರವರಿ ೧೫

ದೊಡ್ಡವಳೇ,

ಅಮ್ಮ ಬರೀತಿರೋದು. ಕನ್ನಡಕ ಎಲ್ಲೋ ಇಟ್ಟಿದ್ದೀನಿ, ಅಕ್ಷರ ಸೊಟ್ಟಗಿದ್ರೆ ಅಡ್ಜಸ್ಟ್ ಮಾಡ್ಕೊ.

ನಿನ್ನ ತಂಗಿ ಊಟ ಬಿಟ್ಟು ಕೂತಿದ್ದಾಳೆ. ಕೇಳಿದ್ರೆ ಏನೂ ಇಲ್ಲ ಅಂತಾಳೆ. ಆಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತು ಎಲ್ಲಾ ಹೇಳಿದ್ಲು. ನಂಗೆ ಅರ್ಧ ಅರ್ಥ ಆಯ್ತು, ಅರ್ಧ ಆಗ್ಲಿಲ್ಲ. ತಟ್ಟೆ, ಫ್ಯಾನು, ಚುಕ್ಕೆ ಅಂತೆಲ್ಲ ಹೇಳಿದ್ಲು. ತಪ್ಪು ಮಾಡಿದ್ದಾಳೆ ಕಣೆ, ಇಲ್ಲ ಅನ್ನಲ್ಲ. ಆದ್ರೆ ನೀನು ದೂರು ಕೊಟ್ರೆ ಅವಳ ಕೆಲಸ ಹೋಗುತ್ತಂತೆ. ಇಷ್ಟು ವರ್ಷದ ಮರ್ಯಾದೆ ಹೋಗುತ್ತಂತೆ. ಜೋಳ ಇನ್ನೊಂದು ವರ್ಷ ಬೆಳೀಬಹುದು. ತಂಗೀನ ಎಲ್ಲಿಂದ ಬೆಳೆಸ್ತೀಯ?

ನೀನು ಮೊದಲಿಂದ ಗಟ್ಟಿ. ಬಿದ್ರೂ ನೀನೇ ಎದ್ದು ಮಣ್ಣು ಕೊಡವಿಕೊಂಡು ಬರ್ತಿದ್ದೆ. ಅವಳು ಹಾಗಲ್ಲ, ಬಿದ್ದಲ್ಲೇ ಕೂತು ನೀನು ಬರೋ ತನಕ ಅಳೋಳು. ಅದಕ್ಕೇ ನಿನ್ನ ಹತ್ರ ಕೇಳ್ತಿದ್ದೀನಿ, ಅವಳ ಹತ್ರ ಅಲ್ಲ.

ಅವಳೇ ಸಮಿತಿ ಮುಂದೆ ಹೇಳ್ತಾಳಂತೆ. ನೀನು ದೂರು ಕೊಟ್ಟು ಹೇಳಿಸೋದಕ್ಕಿಂತ ತಾನಾಗೇ ಹೇಳಿದ್ರೆ ಶಿಕ್ಷೆ ಕಡಿಮೆ ಅಂತೆ. ನಂಗೆ ಭಾಷೆ ಕೊಟ್ಟಿದ್ದಾಳೆ. ನನ್ನ ಮುಖ ನೋಡಿ ನೀನು ಸುಮ್ನಿರು.

ಮಂಡಿ ನೋವು ಹಾಗೇ ಇದೆ. ನೀನು ಹೇಳಿದ ಎಣ್ಣೆ ಕೆಟ್ಟ ವಾಸನೆ.

ಅಮ್ಮ

ಫೆಬ್ರವರಿ ೨೦

ಅಕ್ಕಾ,

ಅಮ್ಮ ಬರೆದಿದ್ದಾಳಂತೆ. ನಾನು ಬರೆಸಿದ್ದಲ್ಲ.

ಸಮಿತಿಯಲ್ಲಿ ಪ್ರತಿ ಸಂಖ್ಯೆಗೂ ಅಧ್ಯಕ್ಷರು ನನ್ನನ್ನು ಎಬ್ಬಿಸಿ, ಪರೀಕ್ಷೆ ಕ್ರಮವಾಗಿ ನಡೆಯಿತೇ ಎಂದು ಕೇಳುತ್ತಾರೆ. ನಿನ್ನ ಸಂಖ್ಯೆ ಬಂದಾಗ, ಇಲ್ಲ, ತಟ್ಟೆ ಸರಿಸಿರಲಿಲ್ಲ, ತಪ್ಪು ನನ್ನದು, ಮರುಪರೀಕ್ಷೆ ಆಗಬೇಕು ಎಂದು ಹೇಳುತ್ತೇನೆ. ನನ್ನ ಬಾಯಿಂದಲೇ ಬರಲಿ, ದಯವಿಟ್ಟು. ದೂರು ಕೊಡಬೇಡ.

ನೀನು ಹಿಂದಿನ ಸಾಲಿನಲ್ಲಿ ಕೂತಿರು. ನಿನ್ನ ಮುಖ ಕಂಡರೆ ನನಗೆ ಧೈರ್ಯ ಬರುತ್ತದೆ.

ಕುಳ್ಳಿ

ಮಾರ್ಚ್ ೧೧

ಮನೆಗೆ ಬಂದು, ಬೂಟನ್ನೂ ಬಿಚ್ಚದೆ ಬರೆಯಲು ಕೂತವಳು ನಾಲ್ಕು ದಿನ ಬರೆಯಲಾಗದೆ ಎದ್ದೆ. ಇವತ್ತು ಬರೆಯುತ್ತಿದ್ದೇನೆ.

ನೀನು ಹೇಳಿದ ಹಾಗೆಯೇ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಬೆಳಿಗ್ಗೆ ಬೇಗ ಹೋಗಿ, ನಿನಗೆ ನೇರವಾಗಿ ಕಾಣುವ ಕುರ್ಚಿ ಆರಿಸಿಕೊಂಡಿದ್ದೆ. ನೀನು ಮುಂದಿದ್ದ ಹಾಳೆಗಳನ್ನು ಮತ್ತೆ ಮತ್ತೆ ಜೋಡಿಸುತ್ತಿದ್ದೆ. ಪಾಪ ಅನ್ನಿಸಿತು. ನಿಜವಾಗಿ ಅನ್ನಿಸಿತು. ನೀರಿನ ಲೋಟ ನಿನ್ನ ಮುಂದೆ ಇಲ್ಲದ್ದು ನೋಡಿ, ಬಾಗಿಲಲ್ಲಿ ನಿಂತಿದ್ದವರಿಗೆ ಸನ್ನೆ ಮಾಡಿ ಇಡಿಸಿದ್ದು ನಾನೇ.

ನನ್ನ ಸಂಖ್ಯೆ ಬಂತು. ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿ, "ಇದರ ಪರೀಕ್ಷೆ ಕ್ರಮವಾಗಿ ನಡೀತಾ?" ಅಂದರು. ನೀನು ಎದ್ದೆ. ನನ್ನನ್ನು ನೋಡಿದೆ. ಪಕ್ಕದಲ್ಲಿ ನಿಮ್ಮ ಮುಖ್ಯಸ್ಥರು ಕೂತಿದ್ದರು, ಅವರನ್ನೂ ನೋಡಿದೆ. ಆಮೇಲೆ, "ಹೌದು ಸರ್, ಕ್ರಮವಾಗೇ ನಡೀತು" ಅಂದೆ.

ಅಧ್ಯಕ್ಷರು ಒಂದು ಗೀಟು ಹಾಕಿ ಮುಂದಿನ ಸಂಖ್ಯೆ ಓದಿದರು. ನನ್ನ ಜೋಳದ ಕಥೆ ಅಷ್ಟು ಹೊತ್ತಿನಲ್ಲಿ ಮುಗಿಯಿತು. ಪಕ್ಕದಲ್ಲಿದ್ದವರು ನನ್ನ ಕಡೆ ಬಾಗಿ, "ಮಿಂಟ್ ಬೇಕಾ?" ಅಂದರು. ತೆಗೆದುಕೊಂಡೆ.

ನಾನು ಎದ್ದು ನಿಲ್ಲಬಹುದಿತ್ತು, ಫೋಟೋ ಚೀಲದಲ್ಲೇ ಇತ್ತು. ಆದರೆ ದೂರಿನ ಗಡುವು ಮುಗಿದಿತ್ತು. ನಿನ್ನ ಮಾತು ನಂಬಿ ನಾನೇ ಅದನ್ನು ಮುಗಿಯಲು ಬಿಟ್ಟಿದ್ದೆ. ಇನ್ನೂ ಒಂದು ಕಾರಣವಿದೆ. ನೀನು ಕೂತುಕೊಳ್ಳುವ ಮುಂಚೆ ಮತ್ತೆ ಬಾಯಿ ತೆರೆಯುತ್ತೀ ಎಂದು ಕಾಯುತ್ತಿದ್ದೆ. ಎಷ್ಟು ಹೊತ್ತು ಕಾದೆನೆಂದರೆ ಸಭೆ ಚಹಾಕ್ಕೆ ಎದ್ದಿತು.

ಮೊದಲನೆಯದನ್ನು ಭಯ ಎಂದುಕೊಂಡು ನುಂಗಿದ್ದೆ. ಇದನ್ನು ಏನೆಂದು ನುಂಗಲಿ? ಅವತ್ತು ಶೀತಕೊಠಡಿಯಲ್ಲಿ ನಿನ್ನನ್ನು ನೋಡುವವರು ಯಾರೂ ಇರಲಿಲ್ಲ. ಈ ಸಲ ನಾನು ನೋಡುತ್ತಿದ್ದೆ. ನನ್ನ ಕಣ್ಣಲ್ಲಿ ಕಣ್ಣಿಟ್ಟೇ ಕೈ ಕೊಟ್ಟೆಯಲ್ಲ.

ಅಮ್ಮನಿಗೆ ಕೊಟ್ಟ ಭಾಷೆಯ ಬಗ್ಗೆ ನೀನೇ ಅವಳಿಗೆ ಉತ್ತರ ಹೇಳಿಕೋ.

ಅಕ್ಕ

ಮಾರ್ಚ್ ೨೯

ಅಕ್ಕಾ,

ಏನು ಬರೆದರೂ ನಿನಗೆ ನೆಪ ಅನ್ನಿಸುತ್ತದೆ. ಹೇಳಲೆಂದೇ ಎದ್ದಿದ್ದೆ. ಬಾಯಿ ತೆರೆದಾಗ ಬೇರೆಯದೇ ಬಂತು. ಒಮ್ಮೆ ಬಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಇನ್ನೂ ಎರಡು ಪಟ್ಟು ಧೈರ್ಯ ಬೇಕಿತ್ತು. ಒಂದು ಪಟ್ಟೂ ನನ್ನಲ್ಲಿರಲಿಲ್ಲ.

ಅಮ್ಮ ನನ್ನ ಜೊತೆ ಒಂದು ವಾರ ಮಾತು ಬಿಟ್ಟಿದ್ದಳು. ಈಗ ಆಡುತ್ತಾಳೆ.

ಮುಖ್ಯಸ್ಥರ ಜಾಗ ನನಗೇ ಆಯಿತು. ಬೇರೆ ಯಾರಿಂದಲೋ ಕೇಳುವ ಮುಂಚೆ ನಾನೇ ಹೇಳಬೇಕು ಎಂದು ಬರೆಯುತ್ತಿದ್ದೇನೆ. ನೇಮಕದ ಸಭೆಯಲ್ಲಿ ಯಾರೋ ಅಂದರಂತೆ, ಸ್ವಂತ ಅಕ್ಕನ ಬೀಜವನ್ನೂ ಬೀಳಿಸಿದವಳು, ಇಂಥವರೇ ಬೇಕು ಎಂದು. ಅದನ್ನು ಕೇಳಿ ನನಗೆ ಸಂತೋಷವಾಯಿತು ಎಂದು ತಿಳಿಯಬೇಡ.

ಆದರೆ ಒಂದು ದಾರಿಯಿದೆ, ಕೋಪ ಮಾಡಿಕೊಳ್ಳದೆ ಕೇಳು. ಇನ್ನು ಮೇಲೆ ಕೊಠಡಿಯ ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ. ನಿನ್ನ ಬೀಜವನ್ನು ಪರಿಚಯದ ಬೇರೆ ಕೇಂದ್ರದವರ ಹೆಸರಿನಲ್ಲಿ, ಬೇರೆ ತಳಿ ಎಂದು ಕಳಿಸು. ಗುರುತು ನನಗೆ ಹೇಗೂ ಸಿಗುತ್ತದೆ. ಬಾಗಿಲ ಕಡೆಯ ನಡು ಹಲಗೆಯಲ್ಲಿ ನಾನೇ ಇಡುತ್ತೇನೆ, ಅಲ್ಲಿಂದ ಕದಲಿಸುವುದಿಲ್ಲ. ಖಂಡಿತ ಪಾಸಾಗುತ್ತದೆ. ಒಮ್ಮೆ ಪಾಸಾದ ಮೇಲೆ ಗುಡ್ಡದವರ ಹೊಲಕ್ಕೆ ನಿನ್ನ ಜೋಳ ಹೋಗುತ್ತದೆ, ನಿನಗೆ ಬೇಕಿದ್ದದ್ದು ಅದೇ ತಾನೆ. ನಿನಗೆ ನಾನು ಮಾಡಿದ್ದಕ್ಕೆ ಇದಾದರೂ ಸಮನಾಗಲಿ.

ಹೂಂ ಅನ್ನು, ಸಾಕು.

ನಿನ್ನ,
ಕುಳ್ಳಿ

ಏಪ್ರಿಲ್ ೧೬

ನಿನ್ನ ಕಾಗದವನ್ನು ಓದಿ ಮಡಚಿಟ್ಟು, ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ಬರೆಯದಿದ್ದರೆ ನೀನು ಅದನ್ನೇ ಹೂಂ ಎಂದು ತಿಳಿಯುತ್ತೀ. ಅದಕ್ಕಾಗಿ ಬರೆಯುತ್ತಿದ್ದೇನೆ. ಇಲ್ಲ.

ಯಾಕೆ ಎಂದು ನಿನಗೆ ತಿಳಿಯುವುದಿಲ್ಲ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಅವತ್ತು ಅಕ್ಕನದು ಎಂದು ಬೀಳಿಸಿದೆ. ಈಗ ಅಕ್ಕನದು ಎಂದು ಎತ್ತಿ ಹಿಡಿಯುತ್ತೇನೆ ಅನ್ನುತ್ತೀ. ಎರಡರಲ್ಲೂ ಬೀಜಕ್ಕೆ ಮಾತಾಡಲು ನೀನು ಅವಕಾಶವೇ ಕೊಡಲಿಲ್ಲ. ನಾನು ಇಷ್ಟು ವರ್ಷ ಒಂದೇ ಒಂದು ಪ್ರಶ್ನೆ ಕೇಳಿಕೊಂಡು ಬಂದೆ: ಇದು ಚಳಿಯಲ್ಲಿ ಮೊಳೆಯುತ್ತದೋ ಇಲ್ಲವೋ. ನಿನ್ನ ಬೆಚ್ಚನೆಯ ಹಲಗೆಯಲ್ಲಿ ಅದು ಪಾಸಾದರೆ, ನನಗೆ ಬಂದ ಉತ್ತರ ಬೀಜದ್ದೋ ನಿನ್ನ ಪಶ್ಚಾತ್ತಾಪದ್ದೋ ಎಂದು ತಿಳಿಯುವುದು ಹೇಗೆ? ಅದನ್ನು ನಂಬಿ ಗುಡ್ಡದವರು ತಣ್ಣನೆಯ ಮಣ್ಣಿಗೆ ಬಿತ್ತಿ, ಅದು ಕೊಳೆತರೆ? ಅಲ್ಲಿ ಬೇಸಿಗೆ ಗಿಡ್ಡ. ಬೇಗ ಬಿತ್ತದಿದ್ದರೆ ತೆನೆ ಬಲಿಯುವ ಮುಂಚೆ ಹಿಮ ಬೀಳುತ್ತದೆ, ಎರಡನೆಯ ಸಲ ಬಿತ್ತಲು ಅವರಿಗೆ ಹೊತ್ತಿರುವುದಿಲ್ಲ. ನನಗೆ ಮೋಸ ಮಾಡಿದ್ದು ಸಾಲದೆಂದು ಅವರಿಗೆ ಮೋಸ ಮಾಡಲು ನನ್ನನ್ನೇ ಜೊತೆಗೆ ಕರೆಯುತ್ತಿದ್ದೀಯ. ಅದನ್ನೂ ಉಡುಗೊರೆಯ ಹಾಗೆ ಕಟ್ಟಿ ಕಳಿಸಿದ್ದೀಯ.

ನಿನಗೆ ಬಂದ ಹೆಸರನ್ನೂ ಓದಿದೆ. ಸ್ವಂತ ಅಕ್ಕನ ಬೀಜವನ್ನೂ ಬೀಳಿಸಿದವಳು. ಒಳ್ಳೆಯ ಹೆಸರು, ಚೆನ್ನಾಗಿ ಬಾಳಿಸಿಕೊಂಡು ಹೋಗು. ಅದಕ್ಕೆ ಯಾರು ಏನು ಬೆಲೆ ಕೊಟ್ಟರು ಎಂದು ಸಭೆಯಲ್ಲಿದ್ದವರಿಗೆ ತಿಳಿಯದು. ನಾನೂ ಹೇಳಲು ಹೋಗುವುದಿಲ್ಲ. ನಿನ್ನ ಮೇಲಿನ ಕರುಣೆಯಿಂದಲ್ಲ. ನನಗೆ ಸಾಕಾಗಿದೆ.

ಸೋಯಾದವರಿಗೆ ಹೊಲ ಒಪ್ಪಿಸಿದೆ. ಮೂಲೆಯ ಒಂದು ಪಟ್ಟಿಯನ್ನು ಮಾತ್ರ ತಿಂಗಳ ಕೊನೆಯವರೆಗೆ ಬಿಟ್ಟುಕೊಡಿ ಎಂದು ಕೇಳಿದೆ. ಅವರು, "ಏನ್ ಮೇಡಂ ಕೇಳೋದು ನೀವು, ಇಟ್ಕೊಳ್ಳಿ" ಅಂದರು. ಉಳಿದಿದ್ದ ಬೀಜವನ್ನು ಅಲ್ಲಿ ಬಿತ್ತಿದೆ. ಯಾರೂ ಜೋಳ ಬಿತ್ತದ ಹೊತ್ತು, ಈ ಗುಡ್ಡದ ತಪ್ಪಲಲ್ಲಿ ಇನ್ನೂ ಚಳಿ ಬಿಟ್ಟಿರಲಿಲ್ಲ. ಮಣ್ಣಿಗೆ ಬೆರಳು ಹಾಕಿದರೆ ಉಗುರು ನೋಯುತ್ತಿತ್ತು. ಬಿತ್ತಿದ ಮೇಲೆ ಆಲಿಕಲ್ಲಿನ ಹಾಗೆ ಏನೋ ಬಿತ್ತು, ಆಮೇಲೆ ಮೋಡ ಕವಿದುಕೊಂಡೇ ಇತ್ತು. ಸರದಿಯಿಲ್ಲ, ಹಲಗೆಯಿಲ್ಲ, ಫ್ಯಾನಿಲ್ಲ. ಯಾರ ಕೈಯೂ ಇಲ್ಲ.

ಇವತ್ತು ಬೆಳಿಗ್ಗೆ ಹೋಗಿ ನೋಡಿದೆ. ಮಂಡಿಯೂರಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಪ್ರತಿ ಸಾಲನ್ನೂ ನೋಡಿದೆ. ಮೊಳಕೆ ಕಾಣದ ಕಡೆ ಮಣ್ಣು ಕೆದಕಿ ನೋಡಿದೆ. ಇಷ್ಟು ವರ್ಷ ಕೇಳಿಕೊಂಡು ಬಂದ ಪ್ರಶ್ನೆ, ಉತ್ತರ ಸಿಕ್ಕಿತು. ಸೋಯಾದವರು ದೂರದಲ್ಲಿ ನಿಂತಿದ್ದರು, ಹತ್ತಿರ ಬರಲಿಲ್ಲ.

ಆ ಉತ್ತರಕ್ಕೆ ನೀನೂ ಹಸಿದಿರುತ್ತೀ ಎಂದು ಗೊತ್ತು. ಆ ಬೀಜವನ್ನು ನನ್ನಷ್ಟೇ ನಂಬಿದವಳು ನೀನೊಬ್ಬಳೇ. ಮೊದಲ ವರ್ಷ ಗುಡ್ಡದಿಂದ ತಂದಾಗ ನಿನ್ನ ಅಂಗೈಯಲ್ಲೇ ಇಟ್ಟು ತೋರಿಸಿದ್ದೆ. ರಾತ್ರಿ ನೆನಪಾದಾಗೆಲ್ಲ ನಿನಗೆ ಅದೇ ಕೊರೆಯುತ್ತದೆ, ಬಂತೋ ಇಲ್ಲವೋ.

ಎಷ್ಟು ಮೊಳಕೆ ಮೇಲೆ ಬಂದಿವೆ ಎಂದು ನಿನಗೆ ಹೇಳುವುದಿಲ್ಲ. ಅಮ್ಮನಿಗೂ ಹೇಳುವುದಿಲ್ಲ, ಅವಳು ನಿನಗೆ ಹೇಳುತ್ತಾಳೆ.

ಅಕ್ಕ